ಯಾರ ರೊಕ್ಕ, ಯಾರ ಬೆಳವಣಿಗೆ

1824ನೆಯ ಇಸವಿ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಗಿದ್ದ ಬೂಟ್ ಪಾಲಿಶ್ ಕಾರಖಾನೆಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದ. ಅಪ್ಪ ಸಾಲ ತೀರಿಸಲಾಗದೆ ಜೈಲು ಸೇರಿದ್ದ. ಹುಡುಗನಿಗೆ ವಾರಕ್ಕೆ ಆರು ಶಿಲ್ಲಿಂಗು ಕೂಲಿ. ಅದೇ ಊರಿನ ಚಾರ್ಟರ್‌ಹೌಸ್ ಎಂಬ ದೊಡ್ಡ ಶಾಲೆಯಲ್ಲಿ ಹದಿಮೂರು ವರ್ಷದ ಇನ್ನೊಬ್ಬ ಹುಡುಗ ಓದುತ್ತಿದ್ದ. ಕಲಕತ್ತೆಯಲ್ಲಿ ಹುಟ್ಟಿ, ಕಂಪನಿ ಸರಕಾರದ ನೌಕರನಾಗಿದ್ದ ತಂದೆಯನ್ನು ನಾಲ್ಕನೆಯ ವಯಸ್ಸಿಗೇ ಕಳೆದುಕೊಂಡು, ತಾಯಿಯನ್ನು ಇಲ್ಲೇ ಬಿಟ್ಟು ಹಡಗು ಹತ್ತಿದವನು ಅವನು. ಆ ವರ್ಷದ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಗುಂಡೇಟಿಗೆ ಸತ್ತುಬಿದ್ದ. ಕಾರಖಾನೆಯ ಹುಡುಗ ಚಾರ್ಲ್ಸ್ ಡಿಕನ್ಸ್. ಶಾಲೆಯ ಹುಡುಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ. ಕಿತ್ತೂರಿನಲ್ಲಿ ಸತ್ತವನು ಅವನ ಚಿಕ್ಕಪ್ಪ.

ಕಿತ್ತೂರು ಉತ್ಸವದಲ್ಲಿ ಥ್ಯಾಕರೆಯ ಹೆಸರು ವರ್ಷ ವರ್ಷ ಕೇಳಿಬರುತ್ತದೆ. 2024ರಲ್ಲಿ ಇನ್ನೂರು ವರ್ಷ ತುಂಬಿದಾಗ ಇನ್ನೂ ಜೋರಾಗಿ ಕೇಳಿತು. ಆ ಹೆಸರು ಇಂಗ್ಲಿಷ್ ಕಾದಂಬರಿಯ ಚರಿತ್ರೆಯೊಳಗೂ ಇದೆ ಎಂಬುದು ನಮ್ಮ ಕಡೆ ಅಷ್ಟಾಗಿ ಮಾತಿಗೆ ಬಂದಿಲ್ಲ. ವಿಕ್ಟೋರಿಯನ್ ಕಾದಂಬರಿ ಎಂದರೆ ಮನುಷ್ಯ ಬೆಳೆಯುವ ಕಥೆ, ಕೆಳಗಿನವನು ಮೇಲೇರುವ ಕಥೆ ಎಂದು ಕಾಲೇಜಿನಲ್ಲಿ ಓದುತ್ತೇವೆ. ಏರುವವನು ಯಾರ ರೊಕ್ಕದ ಮೇಲೆ ಏರಿದ ಎಂದು ಕೇಳುವುದಿಲ್ಲ. ಮಲಪ್ರಭೆಯ ದಂಡೆಯಲ್ಲಿ ಕೂತು ಓದುವವರಿಗೆ ಈ ಪ್ರಶ್ನೆ ತಪ್ಪಿಸಿಕೊಳ್ಳಲಾರದ್ದು. ಆ ರೊಕ್ಕದ ಒಂದು ತುದಿ ಇಲ್ಲಿಯೂ ಇದೆ.

ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ವಾರವಾರ ಪ್ರಕಟವಾದ ಕಾದಂಬರಿ. ಪಿಪ್ ಎಂಬ ಅನಾಥ ಹುಡುಗ. ಅವನನ್ನು ಸಾಕಿದವರು ಅಕ್ಕ ಮತ್ತು ಅವಳ ಗಂಡ, ಕಮ್ಮಾರ ಜೋ. ಒಂದು ದಿನ ವಕೀಲನೊಬ್ಬ ಬಂದು, ಹೆಸರು ಹೇಳಲೊಲ್ಲದ ದಾನಿಯೊಬ್ಬರು ನಿನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಲು ಹಣ ಇಟ್ಟಿದ್ದಾರೆ ಎನ್ನುತ್ತಾನೆ. ಊರಿನ ಶ್ರೀಮಂತ ಮುದುಕಿ ಮಿಸ್ ಹ್ಯಾವಿಶಮ್ಮಳೇ ಆ ದಾನಿ ಎಂದು ಪಿಪ್ ನಂಬಿಕೊಳ್ಳುತ್ತಾನೆ. ಲಂಡನ್ನಿಗೆ ಹೋಗುತ್ತಾನೆ, ಬಟ್ಟೆ ಬದಲಾಗುತ್ತದೆ, ಮಾತು ಬದಲಾಗುತ್ತದೆ, ಜೋನನ್ನು ನೆನೆದರೆ ನಾಚಿಕೆಯಾಗತೊಡಗುತ್ತದೆ. ಕೊನೆಗೊಂದು ಮಳೆಯ ರಾತ್ರಿ ನಿಜವಾದ ದಾನಿ ಮೆಟ್ಟಿಲು ಹತ್ತಿ ಬರುತ್ತಾನೆ: ಚಿಕ್ಕಂದಿನಲ್ಲಿ ಪಿಪ್ ಹೆದರಿ ನಡುಗುತ್ತ ಅನ್ನ ತಂದುಕೊಟ್ಟಿದ್ದ ಕೈದಿ ಮ್ಯಾಗ್ವಿಚ್. ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿ, ಅಲ್ಲಿ ಕುರಿ ಸಾಕಿ ಗಳಿಸಿದ್ದನ್ನೆಲ್ಲ ಈ ಹುಡುಗನಿಗೆ ಕಳಿಸುತ್ತ ಬಂದವನು ಅವನು. ಮ್ಯಾಗ್ವಿಚ್ ಸಿಕ್ಕಿಬಿದ್ದು ಶಿಕ್ಷೆಯಾದ ಕೂಡಲೇ ಅವನ ಆಸ್ತಿಯೆಲ್ಲ ಸರಕಾರಕ್ಕೆ ಜಪ್ತಿಯಾಗುತ್ತದೆ. ಪಿಪ್‌ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಜವಾಗಿ ಅವನು ಬೆಳೆಯಲು ಶುರುಮಾಡುವುದು ಅಲ್ಲಿಂದ.

ಈ ಜಪ್ತಿಯ ಪ್ರಸಂಗ ಓದುವಾಗ ನನಗೆ ಕಿತ್ತೂರಿನ ಖಜಾನೆ ನೆನಪಾಗದೆ ಇರುವುದಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಮಕ್ಕಳಿರಲಿಲ್ಲ. ದತ್ತಕ ತೆಗೆದುಕೊಂಡ ಹುಡುಗನನ್ನು ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಹಾಕಿಸಿದ. ಮುಂದಿನದನ್ನು ನಮ್ಮ ಲಾವಣಿಗಳು ಹಾಡಿವೆ. ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು, ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವುದು ಬೇರೆ ಒಂದು ಸಂಗತಿ. ಇಂಗ್ಲೆಂಡಿನಲ್ಲಿ ಆಗ ದತ್ತಕ ಎಂಬ ಕಾನೂನೇ ಇರಲಿಲ್ಲ. ಅದು ಬಂದದ್ದು 1926ರಲ್ಲಿ. ಇಲ್ಲಿಯ ‘ದತ್ತಕ ಮೀಮಾಂಸೆ’ ಇಂಗ್ಲಿಷಿಗೆ ಅನುವಾದವಾಗಿ ಕಲಕತ್ತೆಯಲ್ಲಿ ಅಚ್ಚಾದದ್ದು 1821ರಲ್ಲಿ, ಅಂದರೆ ಕಿತ್ತೂರಿನ ಯುದ್ಧಕ್ಕೆ ಮೂರೇ ವರ್ಷ ಮೊದಲು. ಹೆತ್ತವರಲ್ಲದವರ ಮನೆಗೆ ಮಗನಾಗುವುದೆಂದರೆ ಏನು ಎಂಬುದು ತಮ್ಮ ಊರಿನ ಕಾನೂನಿಗೇ ಗೊತ್ತಿಲ್ಲದ ಜನ ಇಲ್ಲಿ ಕೂತು ಯಾರು ಮಗ, ಯಾರು ಅಲ್ಲ ಎಂದು ತೀರ್ಪು ಕೊಟ್ಟರು.

ಬಹುಶಃ ಅದಕ್ಕೇ ವಿಕ್ಟೋರಿಯನ್ ಕಾದಂಬರಿಯಲ್ಲಿ ಸಾಕಿದ ಮಕ್ಕಳ ಗತಿ ಅಷ್ಟು ಅತಂತ್ರ. ಎಮಿಲಿ ಬ್ರಾಂಟೆಯ ಹೀತ್‌ಕ್ಲಿಫ್ ಬೀದಿಯಿಂದ ಮನೆಗೆ ಬಂದವನು. ಸಾಕಿದ ಯಜಮಾನ ಸತ್ತ ಮರುದಿನದಿಂದ ಆಳು. ಪಿಪ್‌ನ ಕಥೆಯ ಎಸ್ಟೆಲ್ಲಾ ಮಿಸ್ ಹ್ಯಾವಿಶಮ್ಮಳ ಮನೆಯಲ್ಲಿ ಬೆಳೆದರೂ ಅವಳ ಸಿಟ್ಟು ತೀರಿಸುವ ಆಯುಧವಷ್ಟೇ. ಆ ಮಕ್ಕಳ ಕಥೆಯಲ್ಲಿ ವರ್ಗ ಎಂದರೆ ಕಾಗದದ ಮೇಲಿನ ಒಂದು ಸಹಿ. ಸಹಿ ಬಿದ್ದರೆ ಒಡೆಯ, ಬೀಳದಿದ್ದರೆ ಕೂಲಿ.

ರಾಮದುರ್ಗದ ಕಡೆ ಹೋದರೆ ಕಿತ್ತೂರಿನ ಕಥೆಯೇ ಇನ್ನೊಮ್ಮೆ ಎದುರಾಗುತ್ತದೆ. ನರಗುಂದದ ಬಾಬಾಸಾಹೇಬ ಭಾವೆ, ರಾಮದುರ್ಗದ ಸಂಸ್ಥಾನಿಕನ ಮಲಸಹೋದರ. ಅವನಿಗೂ ದತ್ತಕದ ಅಪ್ಪಣೆ ಸಿಗಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ಕೊಲೆಯಾಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಮರುವರ್ಷ, 1859ರಲ್ಲಿ, ಲಂಡನ್ನಿನಲ್ಲಿ ಸ್ಯಾಮ್ಯುಯಲ್ ಸ್ಮೈಲ್ಸ್ ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕ ಬರೆದು, ದುಡಿಮೆ ಮತ್ತು ಶಿಸ್ತು ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು ಎಂದು ಸಾರಿದ. ಆ ಪುಸ್ತಕ ಜಗತ್ತನ್ನೇ ಸುತ್ತಿತು. ಅದರ ಪಕ್ಕಕ್ಕೆ ಸುರೇಬಾನವನ್ನು ಇಟ್ಟು ನೋಡಿದರೆ, ಯಾರು ಬೇಕಾದರೂ ಎಂಬ ಆ ಮಾತಿನೊಳಗೆ ಯಾರು ಯಾರು ಸೇರಿದ್ದರು ಎಂದು ಕೇಳಬೇಕಾಗುತ್ತದೆ.

ವಿಮರ್ಶಕರು ಈ ಪ್ರಶ್ನೆಯ ಸುತ್ತ ಬಹಳ ಕಾಲ ತಿರುಗಿದ್ದಾರೆ. ಇಟಲಿಯ ಫ್ರಾಂಕೊ ಮೊರೆಟ್ಟಿ 1987ರ ತನ್ನ ಪುಸ್ತಕದಲ್ಲಿ, ಇಂಗ್ಲಿಷ್ ಬೆಳವಣಿಗೆಯ ಕಾದಂಬರಿಗಳು ಅಜ್ಜಿಕಥೆಯ ಹಾಗೆ, ಕೊನೆಗೆ ಎಲ್ಲರನ್ನೂ ಅವರವರ ಜಾಗಕ್ಕೇ ತಂದು ಕೂರಿಸುತ್ತವೆ ಎಂದು ವಾದಿಸಿದ. ನನಗೆ ಇದು ಅರ್ಧ ಒಪ್ಪಿಗೆ. ಪಿಪ್ ತನ್ನ ಜಾಗಕ್ಕೆ ಮರಳುವುದಿಲ್ಲ. ಕಮ್ಮಾರಸಾಲೆಗೂ ಬರುವುದಿಲ್ಲ, ಶ್ರೀಮಂತನಾಗಿಯೂ ಉಳಿಯುವುದಿಲ್ಲ. ಎಡ್ವರ್ಡ್ ಸೈದ್ 1993ರಲ್ಲಿ ಇನ್ನೂ ಮುಂದೆ ಹೋಗಿ, ಮ್ಯಾಗ್ವಿಚ್ಚನ ಆಸ್ಟ್ರೇಲಿಯಾ ಮತ್ತು ಕೊನೆಗೆ ಪಿಪ್ ಗುಮಾಸ್ತನಾಗಿ ಹೋಗುವ ಪೂರ್ವದೇಶದ ವ್ಯಾಪಾರ, ಎರಡೂ ಸಾಮ್ರಾಜ್ಯದ ಭಾಗವೇ ಎಂದು ತೋರಿಸಿದ. ಅದನ್ನು ಓದಿದ ಮೇಲೆ ನನಗೆ ಡಿಕನ್ಸನ ಮೇಲೆ ಸಿಟ್ಟು ಬರಲಿಲ್ಲ, ಗೌರವ ಹೆಚ್ಚಾಯಿತು. ತನ್ನ ನಾಯಕನ ಪ್ರತಿಯೊಂದು ರೊಕ್ಕವೂ ದೂರದಲ್ಲಿ ಯಾರೋ ಸುರಿಸಿದ ಬೆವರು ಎಂದು ಅವನು ಕಥೆಯ ನಟ್ಟನಡುವೆ ಹೇಳಿಬಿಟ್ಟಿದ್ದಾನೆ. ಆ ಸತ್ಯ ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟುತ್ತದೆ.

ಕಾದಂಬರಿಕಾರ ಥ್ಯಾಕರೆಗೆ ಈ ಸತ್ಯ ಮನೆಯಲ್ಲೇ ಗೊತ್ತಿತ್ತು. ಕಂಪನಿಯ ನೌಕರಿಯಲ್ಲಿ ತಂದೆ ಗಳಿಸಿಟ್ಟ ಹಣದಲ್ಲಿ ಅವನು ಓದಿದ. ಪ್ರಾಯಕ್ಕೆ ಬಂದ ಮೇಲೆ ಸ್ವಲ್ಪವನ್ನು ಜೂಜಿನಲ್ಲಿ, ಬಹುಪಾಲನ್ನು 1833ರಲ್ಲಿ ಕಲಕತ್ತೆಯ ಲೇವಾದೇವಿ ಕಂಪನಿಗಳು ಮುಳುಗಿದಾಗ ಕಳೆದುಕೊಂಡ. ಲೇಖಣಿ ಹಿಡಿದದ್ದು ಹೊಟ್ಟೆಪಾಡಿಗೆ. ‘ವ್ಯಾನಿಟಿ ಫೇರ್’ನಲ್ಲಿ ಜಾಸ್ ಸೆಡ್ಲಿ ಎಂಬ ದಪ್ಪ ಕಲೆಕ್ಟರ್ ಹಿಂದುಸ್ತಾನದಿಂದ ಹಣ ಮತ್ತು ಯಕೃತ್ತಿನ ಬೇನೆ ಎರಡನ್ನೂ ಹೊತ್ತು ಬರುತ್ತಾನೆ. ‘ದಿ ನ್ಯೂಕಮ್ಸ್’ನಲ್ಲಿ ಕರ್ನಲ್ ನ್ಯೂಕಮ್ ಬುಂದೇಲಖಂಡದ ಹೆಸರಿನ ಬ್ಯಾಂಕನ್ನು ನಂಬಿ ಬೀದಿಗೆ ಬೀಳುತ್ತಾನೆ. ಥ್ಯಾಕರೆಯ ಪುಸ್ತಕಗಳಲ್ಲಿ ನನಗೆ ಹೆಚ್ಚು ಇಷ್ಟವಾದವನು ಡಾಬಿನ್, ಕಿರಾಣಿ ಅಂಗಡಿಯವನ ಮಗ. ಶಾಲೆಯ ಫೀಸನ್ನು ಅಪ್ಪ ಸಾಮಾನಿನ ರೂಪದಲ್ಲಿ ಕಟ್ಟುತ್ತಾನೆಂದು ಸಹಪಾಠಿಗಳು ಅವನನ್ನು ಆಡಿಕೊಳ್ಳುತ್ತಾರೆ. ಆದರೆ ಆ ಪುಸ್ತಕಗಳಲ್ಲಿ ಕಲೆಕ್ಟರನಿಗೆ ಹಣ ಕೊಡುವ ರೈತನ ಮುಖ ಒಮ್ಮೆಯೂ ಕಾಣುವುದಿಲ್ಲ. ಕಿತ್ತೂರು ಕಾಣುವುದಿಲ್ಲ.

ಇನ್ನು 1861ಕ್ಕೆ ಬರೋಣ, ಯಾಕೆಂದರೆ ಈ ಲೇಖನದ ಜೀವ ಆ ವರ್ಷದಲ್ಲಿದೆ. ಆ ಏಪ್ರಿಲ್ಲಿನಲ್ಲಿ ಜಾರ್ಜ್ ಎಲಿಯಟ್ಟಳ ‘ಸೈಲಸ್ ಮಾರ್ನರ್’ ಬಂತು. ಒಬ್ಬ ನೇಕಾರ, ಕೂಡಿಟ್ಟ ಚಿನ್ನ ಕಳುವಾಗುತ್ತದೆ, ಅವನ ಒಲೆಯ ಮುಂದೆ ಅನಾಥ ಕೂಸೊಂದು ಬಂದು ಮಲಗುತ್ತದೆ. ಕೂಸು ಬೆಳೆದು ಹದಿನೆಂಟಾದಾಗ ಹೆತ್ತ ತಂದೆ, ಊರಿನ ಜಮೀನುದಾರ, ಕರೆದುಕೊಂಡು ಹೋಗಲು ಬರುತ್ತಾನೆ. ಹುಡುಗಿ ಒಲ್ಲೆ ಎನ್ನುತ್ತಾಳೆ. ಮಗ್ಗದ ಸದ್ದಿನ ಮನೆಯೇ ತನ್ನ ಮನೆ ಎಂದು ನಿಲ್ಲುತ್ತಾಳೆ. ರಾಮದುರ್ಗದ ಯಾವ ನೇಕಾರರ ಮನೆಯಲ್ಲಿ ಈ ಕಥೆ ಹೇಳಿದರೂ ವಿವರಣೆ ಬೇಕಾಗಲಿಕ್ಕಿಲ್ಲ.

ಮತ್ತು ಪಿಪ್‌ನ ಕಥೆ ಲಂಡನ್ನಿನಲ್ಲಿ ವಾರವಾರ ಬರುತ್ತಿದ್ದಾಗಲೇ, 1861ರ ಜನವರಿ 10ರಂದು, ಮುಂದೆ ಶಿರಸಂಗಿಯ ಲಿಂಗರಾಜ ದೇಸಾಯಿ ಎನಿಸಿಕೊಂಡ ಕೂಸು ಹುಟ್ಟಿತು. ಶಿರಸಂಗಿ ಸವದತ್ತಿ ತಾಲೂಕಿನ ಊರು. ಹುಡುಗ ಹುಟ್ಟಿದ್ದು ದೇಸಗತಿಯ ವಾಡೆಯಲ್ಲಲ್ಲ. ಶಿಗ್ಲಿಯಿಂದ ದತ್ತಕವಾಗಿ ಶಿರಸಂಗಿಗೆ ಬಂದವನು. ಕಿತ್ತೂರಿಗೆ ನಿರಾಕರಿಸಿದ್ದು, ನರಗುಂದಕ್ಕೆ ನಿರಾಕರಿಸಿದ್ದು ಇಲ್ಲಿ ಆಯಿತು. ಅವರು ದೊಡ್ಡವರಾದ ಮೇಲೆ ಮಾಡಿದ್ದೇನು? ವಂಶ ಮುಂದುವರಿಸುವ ಮಗ ಉಳಿಯದಿದ್ದಾಗ ದೇಸಗತಿಯ ಆಸ್ತಿಯನ್ನು ಬಡ ಮಕ್ಕಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. 1906ರ ಆಗಸ್ಟ್ 23ರಂದು, ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟ್ರಸ್ಟಿನ ನೆರವಿನಿಂದ ಓದಿದ ಹುಡುಗರು ವಕೀಲರಾದರು, ಮಾಸ್ತರರಾದರು, ಅಧಿಕಾರಿಗಳಾದರು. 1916ರಲ್ಲಿ ಏಳು ಜನ ಕೂಡಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಕಟ್ಟಿದರು. 1933ರಲ್ಲಿ ಅದು ತೆರೆದ ಕಾಲೇಜಿಗೆ ಲಿಂಗರಾಜರದೇ ಹೆಸರು.

ಮ್ಯಾಗ್ವಿಚ್ ಒಬ್ಬ ಹುಡುಗನನ್ನು ಕೊಂಡುಕೊಂಡ ಎಂದೇ ಹೇಳಬೇಕು. ತನ್ನ ಕೈಯಿಂದ ಒಬ್ಬ ಜಂಟಲ್‌ಮನ್ ತಯಾರಾದ ಎಂಬ ತೃಪ್ತಿ ಅವನಿಗೆ ಬೇಕಿತ್ತು. ಶಾರ್ಲಟ್ ಬ್ರಾಂಟೆಯ ಜೇನ್ ಐರ್ ಮಾತ್ರ ಚಿಕ್ಕಪ್ಪನಿಂದ ಬಂದ ಇಪ್ಪತ್ತು ಸಾವಿರ ಪೌಂಡನ್ನು ನಾಲ್ಕು ಪಾಲು ಮಾಡಿ ಬಂಧುಗಳಿಗೆ ಹಂಚುತ್ತಾಳೆ. ಲಿಂಗರಾಜರು ಹಂಚಿದ್ದು ಮುಖ ನೋಡದವರಿಗೆ, ಇನ್ನೂ ಹುಟ್ಟದವರಿಗೆ. ನಾನು ಓದಿದ ಯಾವ ವಿಕ್ಟೋರಿಯನ್ ಕಾದಂಬರಿಯಲ್ಲೂ ಇಂಥ ಮೃತ್ಯುಪತ್ರ ಇಲ್ಲ. ಆದರೆ ಅದರ ಗಡಿಯನ್ನೂ ಹೇಳಬೇಕು. ಆ ಕಾಲದ ಬಹುತೇಕ ದತ್ತಿಗಳ ಹಾಗೆ ಇದೂ ತನ್ನ ಸಮಾಜದ ಮಕ್ಕಳಿಗಾಗಿಯೇ ಇತ್ತು. ಅದೇ ಶಿರಸಂಗಿಯ ಕೇರಿಯ ಹುಡುಗನಿಗೆ ಈ ಬಾಗಿಲು ತೆರೆಯಲಿಲ್ಲ. ಇಂಗ್ಲೆಂಡಿನಲ್ಲಿ ವರ್ಗ ಬಟ್ಟೆ, ಉಚ್ಚಾರ, ಊಟದ ಚಮಚೆಯಲ್ಲಿ ಗೊತ್ತಾಗುತ್ತಿತ್ತು, ಅವನ್ನು ಕಲಿಯಬಹುದಿತ್ತು. ಜಾತಿಯನ್ನು ಕಲಿತು ದಾಟಲಾಗುವುದಿಲ್ಲ. ನಮ್ಮಲ್ಲಿ ವರ್ಗವನ್ನಷ್ಟೇ ಕುರಿತು ಬರೆಯುವವರು ಈ ವ್ಯತ್ಯಾಸದ ಮುಂದೆ ನಿಲ್ಲಲೇಬೇಕು.

ರೊಕ್ಕದ ಋಣಕ್ಕಿಂತ ಕಷ್ಟದ ಋಣ ಇನ್ನೊಂದಿದೆ. ಜೋ ಲಂಡನ್ನಿಗೆ ಪಿಪ್‌ನನ್ನು ನೋಡಲು ಬರುವ ಅಧ್ಯಾಯ ನೆನಪಿಸಿಕೊಳ್ಳಿ. ಹಬ್ಬದ ಬಟ್ಟೆಯಲ್ಲಿ ಒದ್ದಾಡುವ ಕಮ್ಮಾರ. ಎಲ್ಲಿಟ್ಟರೂ ಜಾರಿ ಬೀಳುವ ಟೋಪಿ. ಎತ್ತಿ ಆಡಿಸಿದ ಹುಡುಗನನ್ನು ಸರ್ ಎಂದು ಕರೆಯುವ ನಾಲಿಗೆ. ಹಣ ಕೊಟ್ಟಾದರೂ ಇವನು ಬರುವುದನ್ನು ತಪ್ಪಿಸಬಹುದಿತ್ತಲ್ಲ ಎಂದು ಪಿಪ್ ಯೋಚಿಸುತ್ತಾನೆ. ನಾನು ಈ ಅಧ್ಯಾಯವನ್ನು ಮೊದಲು ಓದಿದ್ದು ಧಾರವಾಡದ ಒಂದು ಹಾಸ್ಟೆಲ್ಲಿನ ಕೋಣೆಯಲ್ಲಿ. ಓದಿ ಮುಗಿಸಿ ದೀಪ ಆರಿಸಿದ ಮೇಲೂ ನಿದ್ದೆ ಬರಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮಪ್ಪ ಸವದತ್ತಿ ಬಸ್ಸು ಇಳಿದು ಅಲ್ಲಿಗೆ ಬಂದಿದ್ದರು. ತಲೆಗೆ ಪಟಕಾ, ಮೊಣಕಾಲ ತನಕ ಧೋತರ, ಕೈಯಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು. ಗೇಟಿನಲ್ಲಿ ಜೊತೆಗಿದ್ದ ಹುಡುಗ ಕೇಳಿದ, “ಯಾರಲೇ ಅವ್ರು?” ನಾನೆಂದೆ, “ನಮ್ಮೂರಾವ್ರು.” ಅಪ್ಪನಿಗೆ ಕೇಳಿಸಿತು. ಗಂಟು ಕೊಟ್ಟು, “ಚಲೋ ಓದ್ಪಾ” ಅಂದು ತಿರುಗಿ ಹೋದರು. ಆ ಗಂಟಿನ ಮೇಲೆ ನಾನು ಬೆಳೆದೆ. ವರ್ಗ ಎಂದರೇನೆಂದು ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇನೆ. ಗೇಟಿನಲ್ಲಿ ಆ ಒಂದು ಶಬ್ದವನ್ನು ಆಡಿದ ದಿನ ತಿಳಿದಷ್ಟು ಮತ್ತೆಲ್ಲೂ ತಿಳಿಯಲಿಲ್ಲ.

ಇದುವರೆಗೆ ಹೇಳಿದ್ದು ಬಹುಮಟ್ಟಿಗೆ ಗಂಡು ಹುಡುಗರ ಕಥೆ. ವಿಕ್ಟೋರಿಯನ್ ಕಾದಂಬರಿ ಹೆಣ್ಣಿಗೆ ಬೆಳವಣಿಗೆಯನ್ನು ಬಹಳ ಅಳೆದು ಕೊಟ್ಟಿದೆ. ಜೇನ್ ಐರ್‌ಳಂಥ ಮಾಸ್ತರಣಿಗೆ ಕೊಟ್ಟಿತು. ಒಮ್ಮೆ ಎಡವಿದವಳಿಗೆ, ಅಥವಾ ಯಾರೋ ಕೆಡವಿದವಳಿಗೆ, ಕೊಡಲಿಲ್ಲ. ‘ಆ್ಯಡಮ್ ಬೀಡ್’ನ ಹೆಟ್ಟಿ ಗಡೀಪಾರಾಗುತ್ತಾಳೆ, ಡಿಕನ್ಸನ ಎಮಿಲಿ ಹಡಗು ಹತ್ತುತ್ತಾಳೆ, ಹಾರ್ಡಿಯ ಟೆಸ್ ಗಲ್ಲಿಗೇರುತ್ತಾಳೆ. ಅವರಿಗೆ ಎರಡನೆಯ ಅಧ್ಯಾಯವೇ ಇಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಯ ಉಧೋ ಉಧೋ ಕೂಗಿನ ನಡುವೆ ಎಷ್ಟು ತಲೆಮಾರಿನ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿದ್ದಾರೋ. ಬಡತನ, ಜಾತಿ, ಗಂಡು ಮಗನಿಲ್ಲದ ಮನೆ, ತಲೆಯಲ್ಲಿ ಕಟ್ಟಿದ ಜಡೆ, ಯಾವುದೋ ಒಂದು ನೆಪ. ಈ ದೇವದಾಸಿ ಪದ್ಧತಿಯ ವಿರುದ್ಧ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ಒಂದು ಕಾನೂನು ಬಂತು, ಕರ್ನಾಟಕದಲ್ಲಿ 1982ರಲ್ಲಿ ಇನ್ನೊಂದು. ಆದರೆ ಬದಲಾವಣೆಗೆ ಕಾಲು ಬಂದದ್ದು ಆ ಹೆಣ್ಣುಮಕ್ಕಳೇ ಸಂಘ ಕಟ್ಟಿದಾಗ. ಘಟಪ್ರಭಾದಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರದೇ ಸಂಸ್ಥೆ. ಅದನ್ನು ನಡೆಸಿದ ಸೀತವ್ವ ಜೋಡಟ್ಟಿ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಾರ್ಡಿ ಬರೆಯಲಾರದೆ ಹೋದ ಎರಡನೆಯ ಅಧ್ಯಾಯ ಇದು ಎಂದು ನಾನು ತಿಳಿಯುತ್ತೇನೆ. ಯಾವ ದಾನಿಯೂ ಇವರನ್ನು ಬೆಳೆಸಲಿಲ್ಲ, ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ಕಿತ್ತೂರಿನಲ್ಲಿ 1969ರಿಂದ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ; ಕುದುರೆ ಸವಾರಿ ಕಲಿಯುವ ಆ ಹುಡುಗಿಯರನ್ನು ಕಂಡಾಗಲೂ ಈ ಎರಡನೆಯ ಅಧ್ಯಾಯವೇ ನೆನಪಾಗುತ್ತದೆ.

ಯಾರ ಆಸರೆಯಲ್ಲಿ ಯಾರು ಬೆಳೆದರು ಎಂಬ ಪ್ರಶ್ನೆಯನ್ನು ಕನ್ನಡ ಕಾದಂಬರಿ ಮೊದಲ ದಿನದಿಂದಲೇ ಎತ್ತಿಕೊಂಡಿತು. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ತಂದೆಯಿಲ್ಲದ ಭಾಸ್ಕರ ಅಮೃತರಾಯರ ಆಸರೆಯಲ್ಲಿ ಓದಿ, ವಿಲಾಯತಿಗೆ ಹೋಗಿ ಅಧಿಕಾರಿಯಾಗಿ ಬರುತ್ತಾನೆ, ವಿಧವೆ ಇಂದಿರೆ ಅದೇ ಆಸರೆಯಲ್ಲಿ ಶಾಲೆ ಕಲಿಯುತ್ತಾಳೆ. ಕಾರಂತರ ‘ಮರಳಿ ಮಣ್ಣಿಗೆ’ಯ ರಾಮ ಪಟ್ಟಣ ಸುತ್ತಿ ಅಜ್ಜಿಯ ಮಣ್ಣಿಗೆ ಮರಳುತ್ತಾನೆ, ಪಿಪ್‌ಗೆ ಸಾಧ್ಯವಾಗದ ಮರಳುವಿಕೆ ಅದು. ನಮ್ಮ ಜಿಲ್ಲೆಯವರೇ ಆದ ಬಸವರಾಜ ಕಟ್ಟೀಮನಿ ದುಡಿಯುವವರ ಸಿಟ್ಟನ್ನು ಬರೆದರು. ಚಂದ್ರಶೇಖರ ಕಂಬಾರರು ‘ಸಿಂಗಾರೆವ್ವ ಮತ್ತು ಅರಮನೆ’ಯಲ್ಲಿ ದೇಸಗತಿಯ ವಾಡೆ ಒಳಗಿನಿಂದ ಕುಸಿಯುವುದನ್ನು ತೋರಿಸಿದರು. 1994ರಲ್ಲಿ ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ ಬಂದಾಗ, ಓದಿ ಮೇಲೆ ಬಂದ ಮೇಲೂ ಊರು ಯಾರನ್ನು ಎಲ್ಲಿ ನಿಲ್ಲಿಸುತ್ತದೆ ಎಂಬುದು ಕಾದಂಬರಿಗಳಿಗಿಂತ ನಿಚ್ಚಳವಾಗಿ ಕಂಡಿತು.

ಬೈಲಹೊಂಗಲಕ್ಕಂತೂ ತನ್ನದೇ ಸ್ವಂತ ಕಥೆಯಿದೆ. ‘ಸಂಗ್ಯಾ ಬಾಳ್ಯಾ’ ಎಂಬ ಸಣ್ಣಾಟ ಆ ಊರಿನಲ್ಲೇ ನಡೆದ ಘಟನೆಯ ಮೇಲೆ ಕಟ್ಟಿದ್ದು. ಸಿರಿವಂತ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಈರ್ಯಾನ ಹೆಂಡತಿ ಗಂಗಿ. ಗೆಳೆಯನೇ ಗೆಳೆಯನನ್ನು ಸಾವಿಗೆ ಒಪ್ಪಿಸುವ ಆ ಆಟದಲ್ಲಿ ಯಾರೂ ಬೆಳೆಯುವುದಿಲ್ಲ, ಯಾರೂ ತಿದ್ದಿಕೊಳ್ಳುವುದಿಲ್ಲ. ಉಳ್ಳವನ ಬೆನ್ನಿಗೆ ನಿಂತ ಬಡ ಗೆಳೆಯನಿಗೆ ಸ್ನೇಹ ಎಷ್ಟು ದುಬಾರಿ ಎಂಬುದನ್ನು ಅದು ಡಪ್ಪು ತಾಳದ ಸದ್ದಿನಲ್ಲಿ, ಬೆಳಗಾಗುವ ತನಕ, ನಮ್ಮ ಮುಂದೆ ಇಡುತ್ತದೆ.

ನಾನು ಓದಿದ್ದರಲ್ಲಿ ಸಿಗದಿರುವುದು ಒಂದೇ: ಶಿರಸಂಗಿಯ ರೊಕ್ಕದಲ್ಲಿ ಓದಿದ ಹುಡುಗನ ಕಾದಂಬರಿ. ಗೌಡರ ಶಿಫಾರಸು ಹಿಡಿದು ಬೆಳಗಾವಿಗೆ ನಡೆದುಹೋದವನು, ಅರ್ಜಿಯಲ್ಲಿ ಅಪ್ಪನ ಹೊಲ ಎಷ್ಟು ಕೂರಿಗೆ ಎಂದು ಬರೆಯುವಾಗ ಕೈ ತಡೆದವನು, ಪದವಿ ಪಡೆದು ಊರಿಗೆ ಬಂದಾಗ ಯಾರ ಕಾಲು ಮುಟ್ಟಬೇಕೆಂದು ತಿಳಿಯದೆ ನಿಂತವನು. ಕೊಟ್ಟವರು ಆಗಲೇ ಹೋಗಿಬಿಟ್ಟಿದ್ದರು. ಅವನ ಜೊತೆಗೇ ಅದೇ ಶಾಲೆಯ ಪಡಸಾಲೆಯ ಆಚೆ ಕೂತು ಅಕ್ಷರ ಕಲಿತ ಕೇರಿಯ ಹುಡುಗನೂ ಆ ಕಾದಂಬರಿಯಲ್ಲಿ ಬರಬೇಕು. ಇಬ್ಬರೂ ಮಲಪ್ರಭೆಯ ನೀರನ್ನೇ ಕುಡಿದವರು. ಬರೆಯುವವರು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಯಾವುದೋ ಮನೆಯಲ್ಲಿ ಈಗ ಓದುತ್ತಿದ್ದಾರೆ ಎಂದು ನಂಬಿದ್ದೇನೆ, ಅವರ ಪುಸ್ತಕಕ್ಕಾಗಿ ಕಾಯುತ್ತಿದ್ದೇನೆ.